ಪಾಲು ಉಂಟು, ಸಹಿ ಇಲ್ಲ: ಥಿಯೊ ಎಪ್‌ಸ್ಟೀನ್ ಬಾಸ್ಟನ್‌ಗೆ ಮರಳಿದ ಲೆಕ್ಕ

2024ರ ಫೆಬ್ರವರಿ 2ರಂದು ಥಿಯೊ ಎಪ್‌ಸ್ಟೀನ್ ಫೆನ್ವೇ ಸ್ಪೋರ್ಟ್ಸ್ ಗ್ರೂಪ್ ಸೇರಿದರೆಂಬ ಸುದ್ದಿ ಬಂತು. ಆ ಗ್ರೂಪಿನ ಬೇಸ್‌ಬಾಲ್ ತಂಡ ಬಾಸ್ಟನ್ ರೆಡ್ ಸಾಕ್ಸ್‌ನ ಅಭಿಮಾನಿಗಳಲ್ಲಿ ಅನೇಕರಿಗೆ ಅದು ಕೇಳಿಸಿದ್ದು ಹೀಗೆ: 2004ರಲ್ಲಿ ವರ್ಲ್ಡ್ ಸೀರೀಸ್ (ಅಮೆರಿಕದ ಬೇಸ್‌ಬಾಲ್‌ನ ವಾರ್ಷಿಕ ಫೈನಲ್ ಸರಣಿ) ಗೆದ್ದುಕೊಟ್ಟವರು ಬಂದರು, ಇನ್ನು ತಂಡ ಅವರ ಕೈಗೆ. ಪ್ರಕಟಣೆಯಲ್ಲಿ ಇದ್ದದ್ದೇ ಬೇರೆ. ಹಿರಿಯ ಸಲಹೆಗಾರ ಎಂಬ ಹುದ್ದೆ, ಜೊತೆಗೆ ಒಂದು ಸಣ್ಣ ಪಾಲು. ಅದೂ ರೆಡ್ ಸಾಕ್ಸ್ ಒಂದರಲ್ಲಲ್ಲ, ಇಡೀ ಗ್ರೂಪಿನಲ್ಲಿ. ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್, ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಐಸ್ ಹಾಕಿ ತಂಡ, ನಾಸ್ಕಾರ್ ರೇಸಿಂಗ್ ತಂಡ, ನೆಸನ್ ಟಿವಿ ವಾಹಿನಿ, ಫೆನ್ವೇ ಪಾರ್ಕ್ ಮೈದಾನ ಎಲ್ಲವೂ ಆಗ ಆ ಒಂದೇ ಛತ್ರಿಯಡಿ ಇದ್ದವು.

ಯಾರ ಅಧಿಕಾರ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಮೊದಲು ನೋಡಬೇಕು. ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಇರುವುದು ಡಗ್‌ಔಟ್‌ನಲ್ಲಿ. ಬ್ಯಾಟಿಂಗ್ ಕ್ರಮ ಬರೆಯುವುದು, ಪಿಚರ್ (ಚೆಂಡು ಎಸೆಯುವವರು) ಬದಲಿಸುವುದು ಅವರ ಕೆಲಸ. 2024ರಲ್ಲಿ ಅದು ಅಲೆಕ್ಸ್ ಕೋರಾ. ಆಟಗಾರರನ್ನು ತರುವುದು, ಬಿಡುವುದು, ಡ್ರಾಫ್ಟ್ (ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸುವ ಪದ್ಧತಿ), ಕೆಳಹಂತದ ಮೈನರ್ ಲೀಗ್ ತಂಡಗಳ ತರಬೇತಿ, ಸ್ಕೌಟ್‌ಗಳು, ಅಂಕಿಅಂಶ ವಿಭಾಗ ಇವೆಲ್ಲ ಚೀಫ್ ಬೇಸ್‌ಬಾಲ್ ಆಫೀಸರ್ ಕೈಯಲ್ಲಿ. 2023ರ ಅಕ್ಟೋಬರ್‌ನಿಂದ ಆ ಕುರ್ಚಿಯಲ್ಲಿರುವವರು ಕ್ರೇಗ್ ಬ್ರೆಸ್ಲೋ. ಇವರೂ ಎಪ್‌ಸ್ಟೀನ್ ಹಾಗೆ ಯೇಲ್‌ನಲ್ಲಿ ಓದಿದವರು. ಹಳೆಯ ಎಡಗೈ ಪಿಚರ್, ಶಿಕಾಗೊ ಕಬ್ಸ್‌ನಲ್ಲಿ ಎಪ್‌ಸ್ಟೀನ್ ಕೈಕೆಳಗೇ ಕಚೇರಿ ಕೆಲಸ ಶುರುಮಾಡಿದವರು. ಅವರ ಮೇಲೆ ಅಧ್ಯಕ್ಷ ಸ್ಯಾಮ್ ಕೆನಡಿ, ಬ್ರೂಕ್‌ಲೈನ್ ಹೈಸ್ಕೂಲಿನಲ್ಲಿ ಎಪ್‌ಸ್ಟೀನ್‌ರ ಸಹಪಾಠಿ. ಅದಕ್ಕೂ ಮೇಲೆ ಚೇರ್ಮನ್ ಟಾಮ್ ವರ್ನರ್ ಮತ್ತು ಪ್ರಧಾನ ಮಾಲೀಕ ಜಾನ್ ಹೆನ್ರಿ. ಸಂಬಳದ ಒಟ್ಟು ಮೊತ್ತ ಎಷ್ಟಿರಬೇಕೆಂಬ ಕೊನೆಯ ಮಾತು ಹೆನ್ರಿ ಅವರದು. ಈ ಸಾಲಿನಲ್ಲಿ ಸಲಹೆಗಾರನಿಗೆ ಮೆಟ್ಟಿಲೇ ಇಲ್ಲ, ಅವರು ಪಕ್ಕದಲ್ಲಿ ನಿಂತವರು.

ಪಾಲಿನ ವಿಷಯ. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಪ್ರತಿ ತಂಡಕ್ಕೂ ಲೀಗಿಗೆ ಉತ್ತರ ಹೇಳಬೇಕಾದ ಒಬ್ಬ ನಿಯಂತ್ರಕ ಮಾಲೀಕ ಇರಲೇಬೇಕು. ಆ ನಿಯಂತ್ರಣ ಕೈ ಬದಲಾಗಬೇಕಾದರೆ ಉಳಿದ ಮಾಲೀಕರಲ್ಲಿ ಮುಕ್ಕಾಲು ಭಾಗ ಒಪ್ಪಬೇಕು. ಸಣ್ಣ ಪಾಲುದಾರರ ವಿಷಯದಲ್ಲಿ ಅಷ್ಟು ದೊಡ್ಡ ಮತದಾನವಿಲ್ಲ, ಅಷ್ಟೇ ಕಡಿಮೆ ಹಕ್ಕು ಕೂಡ. ಅವರ ಲಾಭ ಬರುವುದು ತಂಡದ ಬೆಲೆ ಏರಿದಾಗ. 2002ರಲ್ಲಿ ಹೆನ್ರಿ ಗುಂಪು ತಂಡ, ಮೈದಾನ ಮತ್ತು ನೆಸನ್‌ನ ಬಹುಪಾಲನ್ನು 66ರಿಂದ 70 ಕೋಟಿ ಡಾಲರ್‌ಗೆ ಕೊಂಡಿತು. 2024ರಲ್ಲಿ ಫೋರ್ಬ್ಸ್ ಅಂದಾಜಿನಲ್ಲಿ ರೆಡ್ ಸಾಕ್ಸ್ ಬೆಲೆ 450 ಕೋಟಿ ಡಾಲರ್. ಜನರಲ್ ಮ್ಯಾನೇಜರ್ (ಆಟಗಾರರನ್ನು ತರುವ, ಬಿಡುವ ಕುರ್ಚಿಗೆ ಆಗಿನ ಹೆಸರು) ಆಗಿ 2004, 2007ರ ಗೆಲುವು ತಂದ ಎಪ್‌ಸ್ಟೀನ್‌ಗೆ ಸಿಕ್ಕಿದ್ದು ಸಂಬಳ. ಏರಿದ ಬೆಲೆ ಪಾಲುದಾರರ ಜೇಬಿಗೆ ಹೋಯಿತು. ಐವತ್ತು ದಾಟಿದ, ಮೂರು ವರ್ಲ್ಡ್ ಸೀರೀಸ್ ಗೆದ್ದ ಕಾರ್ಯನಿರ್ವಾಹಕನಿಗೆ ಇನ್ನೊಂದು ಸಂಬಳದ ಕೆಲಸಕ್ಕಿಂತ ಪಾಲು ಏಕೆ ಬೇಕಾಯಿತು ಎಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಹುಡುಕಬೇಕಿಲ್ಲ. ಕಬ್ಸ್ ಬಿಟ್ಟ ಮೇಲೆ 2021ರಲ್ಲಿ ಅವರು ಹೋಗಿದ್ದು ತಂಡಗಳ ಸಣ್ಣ ಪಾಲು ಕೊಳ್ಳುವುದನ್ನೇ ವ್ಯವಹಾರ ಮಾಡಿಕೊಂಡ ಆರ್ಕ್‌ಟೋಸ್ ಸಂಸ್ಥೆಗೆ. ದಿಕ್ಕು ಆಗಲೇ ಗೊತ್ತಾಗಿತ್ತು.

ಇನ್ನು ಹಳೆಯ ಕಥೆ. 2002ರ ನವೆಂಬರ್‌ನಲ್ಲಿ ರೆಡ್ ಸಾಕ್ಸ್ ಮೊದಲು ಕರೆದದ್ದು ಓಕ್ಲೆಂಡ್‌ನ ಬಿಲ್ಲಿ ಬೀನ್ ಅವರನ್ನು. ಅವರು ಒಪ್ಪಿ, ಆಮೇಲೆ ಹಿಂದೆ ಸರಿದರು. ಕುರ್ಚಿ 28 ವರ್ಷದ ಎಪ್‌ಸ್ಟೀನ್‌ಗೆ ಬಂತು. ಆವರೆಗಿನ ಜನರಲ್ ಮ್ಯಾನೇಜರ್‌ಗಳಲ್ಲಿ ಅವರೇ ಕಿರಿಯರು. ಮಿನ್ನೆಸೋಟ ಟ್ವಿನ್ಸ್ ಕೈಬಿಟ್ಟಿದ್ದ ಡೇವಿಡ್ ಒರ್ಟಿಸ್ ಮರುವರ್ಷದ ಜನವರಿಯಲ್ಲಿ ಅಗ್ಗಕ್ಕೆ ಸಿಕ್ಕರು. 2003ರ ಸೋಲಿನ ನಂತರ ಕರ್ಟ್ ಶಿಲ್ಲಿಂಗ್, ಕ್ಲೋಸರ್ (ಪಂದ್ಯ ಮುಗಿಸಲು ಕೊನೆಗೆ ಬರುವ ಪಿಚರ್) ಕೀತ್ ಫೋಕ್, ಮ್ಯಾನೇಜರ್ ಟೆರಿ ಫ್ರಾಂಕೋನಾ ಬಂದರು.

ಎಪ್‌ಸ್ಟೀನ್ ಕೈಚಳಕ ನೋಡಬೇಕಾದದ್ದು 2004ರ ಜುಲೈ 31ರಲ್ಲಿ. ಅದು ಟ್ರೇಡ್ ಗಡುವಿನ ದಿನ, ಅಂದರೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಕೊನೆಯ ದಿನ. ಊರಿನ ಕಣ್ಮಣಿ, ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವಿನ ಫೀಲ್ಡರ್) ನೋಮರ್ ಗಾರ್ಸಿಯಾಪಾರ ಅವರನ್ನು ನಾಲ್ಕು ತಂಡಗಳ ವಿನಿಮಯದಲ್ಲಿ ಕಬ್ಸ್‌ಗೆ ಕಳಿಸಿ, ಬದಲಿಗೆ ಒರ್ಲಾಂಡೊ ಕಬ್ರೆರಾ ಮತ್ತು ಡಗ್ ಮಿಂಟ್‌ಕೇವಿಚ್ ಅವರನ್ನು ತಂದರು. ಹೆಸರು ನೋಡಿದರೆ ನಷ್ಟದ ವ್ಯಾಪಾರ. ತಂಡದ ತೊಂದರೆ ಇದ್ದದ್ದು ಇನ್‌ಫೀಲ್ಡ್ ಫೀಲ್ಡಿಂಗ್‌ನಲ್ಲಿ. ನೆಲದ ಮೇಲೆ ಬರುವ ಗ್ರೌಂಡ್ ಬಾಲ್‌ಗಳು ಕೈಜಾರಿ ಎದುರಾಳಿಗೆ ಪುಕ್ಕಟೆ ರನ್ ಹೋಗುತ್ತಿದ್ದವು, ಬಂದ ಇಬ್ಬರೂ ಅದನ್ನು ತಡೆಯುವವರು. ಅದೇ ದಿನ ಡಾಡ್ಜರ್ಸ್‌ನಿಂದ ಡೇವ್ ರಾಬರ್ಟ್ಸ್ ಕೂಡ ಬಂದರು. ಅವರಿಗಾಗಿ ಕೊಟ್ಟದ್ದು ಮೈನರ್ ಲೀಗ್ ಆಟಗಾರ ಹೆನ್ರಿ ಸ್ಟ್ಯಾನ್ಲಿಯನ್ನು. ಪತ್ರಿಕೆಗಳಲ್ಲಿ ಅದು ಒಂದು ಸಾಲಿನ ಸುದ್ದಿ. ಅಕ್ಟೋಬರ್‌ನಲ್ಲಿ ಯಾಂಕೀಸ್ ವಿರುದ್ಧದ ಸರಣಿಯಲ್ಲಿ 0-3 ಹಿಂದಿದ್ದಾಗ, ನಾಲ್ಕನೇ ಪಂದ್ಯದ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ರಾಬರ್ಟ್ಸ್ ಎರಡನೇ ಬೇಸ್ ಕದ್ದರು (ಬ್ಯಾಟರ್ ಹೊಡೆಯುವುದಕ್ಕೆ ಕಾಯದೆ ಓಡಿ ಮುಂದಿನ ಬೇಸ್ ಮುಟ್ಟುವುದು), ಬಿಲ್ ಮ್ಯುಲರ್ ಹೊಡೆತಕ್ಕೆ ಹೋಮ್ ಪ್ಲೇಟ್ ಸೇರಿ ಸ್ಕೋರ್ ಸಮ ಮಾಡಿದರು. ಆ ಪಂದ್ಯ ಸೇರಿ ಎಂಟು ಗೆಲುವು ಸತತವಾಗಿ ಬಂದವು. 1918ರ ನಂತರ ಮೊದಲ ಪ್ರಶಸ್ತಿ.

ಗೆದ್ದ ಮರುವರ್ಷವೇ, 2005ರ ಅಕ್ಟೋಬರ್ 31ರಂದು, ಎಪ್‌ಸ್ಟೀನ್ ರಾಜೀನಾಮೆ ಕೊಟ್ಟರು. ಹ್ಯಾಲೊವೀನ್ ದಿನವಾದ್ದರಿಂದ ಪತ್ರಕರ್ತರ ಕಣ್ಣು ತಪ್ಪಿಸಲು ಗೊರಿಲ್ಲಾ ವೇಷ ಹಾಕಿಕೊಂಡು ಫೆನ್ವೇಯಿಂದ ಹೊರಗೆ ಹೋದದ್ದನ್ನೇ ಜನ ನೆನಪಿಟ್ಟಿದ್ದಾರೆ. ಹಿಂದಿನ ಜಗಳ ಅದಕ್ಕಿಂತ ಮುಖ್ಯ. ಅವರನ್ನು ಬಾಲ್ಟಿಮೋರ್, ಸ್ಯಾನ್ ಡಿಯೆಗೊಗಳಲ್ಲಿ ಬೆಳೆಸಿದ ಲ್ಯಾರಿ ಲುಕೀನೊ ಆಗ ತಂಡದ ಅಧ್ಯಕ್ಷರು. ಆಟಗಾರರ ತೀರ್ಮಾನದಲ್ಲಿ ಕೊನೆಯ ಮಾತು ಯಾರದು ಎಂಬುದೇ ತಕರಾರು. 2006ರ ಜನವರಿಯಲ್ಲಿ ಎಪ್‌ಸ್ಟೀನ್ ವಾಪಸಾದರು, ಹೆಚ್ಚು ಸ್ವಾತಂತ್ರ್ಯದೊಂದಿಗೆ. 2007ರಲ್ಲಿ ಮತ್ತೆ ಗೆದ್ದರು. ಹೀಗೆ ನೋಡಿದರೆ 2024ರದ್ದು ಎರಡನೇ ಮರಳುವಿಕೆ. ಮೊದಲ ಸಲ ಯಾವ ಅಧಿಕಾರಕ್ಕಾಗಿ ಜಗಳವಾಡಿದ್ದರೋ, ಅದನ್ನು ಈ ಸಲ ಕೇಳಿಯೂ ಇಲ್ಲ.

ರೆಡ್ ಸಾಕ್ಸ್‌ನ 2011ರ ಸೆಪ್ಟೆಂಬರ್ ಕುಸಿತದ ನಂತರ ಕಬ್ಸ್‌ಗೆ ಹೋದದ್ದು, ಮೊದಲ ಋತುವಿನಲ್ಲಿ 101 ಸೋಲು, ಕೈಲಿದ್ದ ಆಟಗಾರರನ್ನು ಕೊಟ್ಟು ರಿಜೊ, ಹೆಂಡ್ರಿಕ್ಸ್, ಅರಿಯೆಟಾ, ರಸೆಲ್ ಅವರನ್ನು ಕೂಡಿಹಾಕಿದ್ದು, 2016ರಲ್ಲಿ ಪ್ರಶಸ್ತಿಯ 108 ವರ್ಷದ ಬರ ಮುಗಿದದ್ದು ಎಲ್ಲರಿಗೂ ಗೊತ್ತು. ಆಮೇಲಿನ ಕೆಲಸದ ಬಗ್ಗೆ ಮಾತು ಕಡಿಮೆ. ಲೀಗಿನ ಸಲಹೆಗಾರರಾಗಿ 2023ರ ನಿಯಮ ಬದಲಾವಣೆಗಳಲ್ಲಿ ಅವರು ಮುಖ್ಯ ಪಾತ್ರ ವಹಿಸಿದರು. ಬೇಸ್ ಖಾಲಿಯಿದ್ದರೆ ಚೆಂಡೆಸೆಯಲು ಪಿಚರ್‌ಗೆ 15 ಸೆಕೆಂಡ್, ರನ್ನರ್ ಇದ್ದರೆ ಆ ವರ್ಷ 20. ಬೇಸ್‌ಗಳ ಅಳತೆ 15ರಿಂದ 18 ಇಂಚು. ಎರಡನೇ ಬೇಸಿನ ಎರಡೂ ಕಡೆ ಇಬ್ಬಿಬ್ಬರು ಇನ್‌ಫೀಲ್ಡರ್ ಕಡ್ಡಾಯ. ಒಂಬತ್ತು ಇನ್ನಿಂಗ್ಸ್ ಪಂದ್ಯದ ಸರಾಸರಿ ಅವಧಿ 3 ಗಂಟೆ 4 ನಿಮಿಷದಿಂದ 2 ಗಂಟೆ 40 ನಿಮಿಷಕ್ಕೆ ಇಳಿಯಿತು, ಕದ್ದ ಬೇಸ್‌ಗಳ ಸಂಖ್ಯೆ ಒಂದೇ ವರ್ಷದಲ್ಲಿ 2,486ರಿಂದ 3,503ಕ್ಕೆ ಏರಿತು. ಯಾವುದೇ ಒಂದು ತಂಡದ ಸಹಿ ಅಧಿಕಾರ ಇಲ್ಲದೆ ಇಡೀ ಆಟವನ್ನು ಅಲುಗಿಸಬಹುದು ಎಂಬುದು ಅವರಿಗೆ ಅಲ್ಲಿ ಮನವರಿಕೆಯಾಗಿರಬೇಕು.

ಅವರು ಬಂದಾಗ ಬಾಸ್ಟನ್ ಸ್ಥಿತಿ ಹೇಗಿತ್ತು? 2022, 2023 ಎರಡೂ ವರ್ಷ 78 ಗೆಲುವು, 84 ಸೋಲು, ವಿಭಾಗದಲ್ಲಿ ಕೊನೆಯ ಸ್ಥಾನ. 2020ರಲ್ಲಿ ತಾರಾ ಆಟಗಾರ ಮೂಕಿ ಬೆಟ್ಸ್ ಅವರನ್ನು ಡಾಡ್ಜರ್ಸ್‌ಗೆ ಕೊಟ್ಟ ಗಾಯ ಮಾಗಿರಲಿಲ್ಲ. ಆದರೆ ಮಾಲೀಕರ ಮಟ್ಟದಲ್ಲಿ ಒಬ್ಬ ಅನುಭವಿ ಏಕೆ ಬೇಕು ಎಂಬುದು ಬೆಟ್ಸ್ ಪ್ರಕರಣಕ್ಕಿಂತ 2022ರ ಒಂದು ಸಣ್ಣ ಲೆಕ್ಕದಲ್ಲಿ ಹೆಚ್ಚು ಕಾಣುತ್ತದೆ. ಇದನ್ನು ನಿಧಾನವಾಗಿ ಬಿಡಿಸಬೇಕು.

ಐಪಿಎಲ್‌ನಲ್ಲಿ ಪ್ರತಿ ಫ್ರಾಂಚೈಸಿಗೆ ಹರಾಜಿನ ಪರ್ಸ್ ಇರುತ್ತದೆ, ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಖರ್ಚು ಮಾಡುವಂತಿಲ್ಲ. ಮೇಜರ್ ಲೀಗ್‌ನಲ್ಲಿ ಅಂಥ ಗೋಡೆಯಿಲ್ಲ, ಒಟ್ಟು ಸಂಬಳಕ್ಕೆ ಒಂದು ಗೆರೆಯಿದೆ, ದಾಟಿದರೆ ತೆರಿಗೆ. 2022ರಲ್ಲಿ ಆ ಗೆರೆ 23 ಕೋಟಿ ಡಾಲರ್, 2024ರಲ್ಲಿ 23.7 ಕೋಟಿ, 2025ರಲ್ಲಿ 24.1 ಕೋಟಿ. ಲೆಕ್ಕಕ್ಕೆ ಹಿಡಿಯುವುದು ಆ ವರ್ಷ ಕೊಟ್ಟ ನಗದನ್ನಲ್ಲ, ಗುತ್ತಿಗೆಯ ವಾರ್ಷಿಕ ಸರಾಸರಿಯನ್ನು. 11 ವರ್ಷಕ್ಕೆ 28 ಕೋಟಿ ಎಂದರೆ ಮೊದಲ ವರ್ಷ ಎಷ್ಟೇ ಕೊಟ್ಟರೂ ಪುಸ್ತಕದಲ್ಲಿ ವರ್ಷಕ್ಕೆ ಸುಮಾರು 2.55 ಕೋಟಿ. ಮೊದಲ ಸಲ ದಾಟಿದರೆ ಮೇಲಿನ ಮೊತ್ತದ 20%, ಸತತ ಎರಡನೇ ವರ್ಷ 30%, ಮೂರನೇ ವರ್ಷದಿಂದ 50%. 2 ಕೋಟಿಗಿಂತ ಹೆಚ್ಚು ಮೀರಿದರೆ ಮತ್ತೂ 12% ಸೇರಿಕೊಳ್ಳುತ್ತದೆ. 4 ಕೋಟಿ ಮೀರಿದರೆ ಡ್ರಾಫ್ಟ್‌ನ ಮೊದಲ ಆಯ್ಕೆ ಹತ್ತು ಸ್ಥಾನ ಕೆಳಗೆ ಇಳಿಯುತ್ತದೆ. ಒಂದು ವರ್ಷ ಗೆರೆಯ ಕೆಳಗಿದ್ದರೆ ಎಲ್ಲವೂ ಮತ್ತೆ ಮೊದಲಿನಿಂದ.

2022ರಲ್ಲಿ ರೆಡ್ ಸಾಕ್ಸ್ ದಾಟಿದ್ದು ಸುಮಾರು 60 ಲಕ್ಷ ಡಾಲರ್‌ನಷ್ಟು. ತೆರಿಗೆ ಸುಮಾರು 12 ಲಕ್ಷ. ಇಂಥ ಕಂಪನಿಗೆ ಅದು ಚಿಲ್ಲರೆ. ನಿಜವಾದ ಹೊಡೆತ ಬೇರೆ ಕಡೆ ಬಿತ್ತು. ಆ ಚಳಿಗಾಲ ಸ್ಯಾಂಡರ್ ಬೋಗಾರ್ಟ್ಸ್ ಪಾಡ್ರೆಸ್‌ಗೂ, ನೇಥನ್ ಇಯೋವಾಲ್ಡಿ ಟೆಕ್ಸಸ್‌ಗೂ ಹೋದರು. ಇಬ್ಬರಿಗೂ ತಂಡ ಕ್ವಾಲಿಫೈಯಿಂಗ್ ಆಫರ್ ಕೊಟ್ಟಿತ್ತು, ಅಂದರೆ ಅವರು ಬಿಟ್ಟು ಹೋದರೆ ಪರಿಹಾರವಾಗಿ ಡ್ರಾಫ್ಟ್ ಆಯ್ಕೆ ಸಿಗಬೇಕು. ಗೆರೆಯ ಕೆಳಗಿದ್ದ ತಂಡಕ್ಕೆ ಅದು ಎರಡನೇ ಸುತ್ತಿನ ಬೆನ್ನಿಗೇ ಬರುತ್ತಿತ್ತು. ತೆರಿಗೆ ಕಟ್ಟಿದ ತಂಡಕ್ಕೆ ಬಂದದ್ದು ನಾಲ್ಕನೇ ಸುತ್ತಿನ ನಂತರ. ಆಯ್ಕೆ ಕೆಳಗಿಳಿದ ಹಾಗೆ ಹೊಸ ಹುಡುಗರಿಗೆ ಕೊಡಲು ಲೀಗ್ ಅನುಮತಿಸುವ ಬೋನಸ್ ಮೊತ್ತವೂ ಕುಗ್ಗುತ್ತದೆ. ಆ ವರ್ಷ ಆಗಸ್ಟ್ 2ರ ಟ್ರೇಡ್ ಗಡುವಿನೊಳಗೆ ಎರಡು ಸಂಬಳ ಬೇರೆಡೆಗೆ ದಾಟಿಸಿದ್ದರೆ ಇದೆಲ್ಲ ತಪ್ಪುತ್ತಿತ್ತು. ತಂಡ ಗೆಲ್ಲುವ ಕಡೆಗೂ ಹೋಗಲಿಲ್ಲ, ಮಾರುವ ಕಡೆಗೂ ಹೋಗಲಿಲ್ಲ, ನಡುವೆ ನಿಂತಿತು. ತೆರಿಗೆ ಕಟ್ಟಿ ಕೊನೆಯ ಸ್ಥಾನ ಪಡೆಯುವುದಕ್ಕಿಂತ ಕೆಟ್ಟ ಫಲಿತಾಂಶ ಈ ವ್ಯವಸ್ಥೆಯಲ್ಲಿ ಇಲ್ಲ. (ಆ ಇಳಿದ ಆಯ್ಕೆಗಳಲ್ಲಿ ಒಂದು, 2023ರ ಡ್ರಾಫ್ಟ್‌ನ 132ನೆಯದು, ಜಾರ್ಜಿಯಾ ಟೆಕ್‌ನ ಕ್ರಿಸ್ಟಿಯನ್ ಕ್ಯಾಂಬೆಲ್. ಎರಡು ವರ್ಷ ತುಂಬುವ ಮೊದಲೇ ಅವರಿಗೆ ಎಂಟು ವರ್ಷಕ್ಕೆ 6 ಕೋಟಿ ಡಾಲರ್ ಗುತ್ತಿಗೆ ಸಿಕ್ಕಿತು. ಸ್ಕೌಟ್‌ಗಳ ಜಾಣ್ಮೆಗೆ ಶಹಬ್ಬಾಸ್ ಅನ್ನೋಣ, ಲೆಕ್ಕದವರ ತಪ್ಪು ಅದರಿಂದ ಸರಿಯಾಗುವುದಿಲ್ಲ.)

ಇಂಥ ಕಡೆ ಸಲಹೆಗಾರನ ಮಾತಿಗೆ ಬೆಲೆ. ಗಡುವಿನ ಹಿಂದಿನ ವಾರ ಮಾಲೀಕರ ಕಿವಿಯಲ್ಲಿ, ಖರ್ಚು ಮಾಡಿ ಇಲ್ಲವೇ ಇಳಿಸಿ, ನಡುವೆ ನಿಲ್ಲಬೇಡಿ ಎಂದು ಹೇಳಬಲ್ಲವರು ಬೇಕು. ಕೆಲಸ ಕಳೆದುಕೊಳ್ಳುವ ಭಯವಿರುವ ಅಧಿಕಾರಿಗೆ ಅದು ಕಷ್ಟ. ಬ್ರೆಸ್ಲೋಗಿಂತ ಮೊದಲು ಆ ಕುರ್ಚಿಯಲ್ಲಿದ್ದು 2023ರ ಸೆಪ್ಟೆಂಬರ್‌ನಲ್ಲಿ ಕೆಲಸ ಕಳೆದುಕೊಂಡ ಚೈಮ್ ಬ್ಲೂಮ್ ಎದುರಿಸಿದ್ದು ಅದೇ ಸ್ಥಿತಿ ಎಂಬುದು ನನ್ನ ಓದು. ಪಾಲು ಇರುವವನನ್ನು ಹಾಗೆ ಕಿತ್ತುಹಾಕಲಾಗದು.

ಆದರೆ ಇದೇ ಜಾಗದಲ್ಲಿ ಅಪಾಯವೂ ಇದೆ. ಹಳೆಯ ನಾಯಕ ಮಾಲೀಕರ ಜೊತೆ ಕೂತಿದ್ದಾನೆ ಎಂದರೆ ಎದುರು ತಂಡದವರು ಬ್ರೆಸ್ಲೋ ಅವರನ್ನು ದಾಟಿ ನೇರ ಮೇಲಕ್ಕೆ ಫೋನ್ ಮಾಡಲು ನೋಡಬಹುದು, ಏಜೆಂಟರೂ ಅಷ್ಟೇ. ಒಮ್ಮೆ ಹಾಗೆ ಬಾಗಿಲು ತೆರೆದರೆ ಕುರ್ಚಿಯಲ್ಲಿರುವವರ ಮಾತಿಗೆ ಮಾರುಕಟ್ಟೆಯಲ್ಲಿ ಬೆಲೆ ಇಳಿಯುತ್ತದೆ. ಯಾಂಕೀಸ್‌ನ ಹಳೆಯ ತಾರೆ ಡೆರೆಕ್ ಜೀಟರ್ 2017ರಲ್ಲಿ ಮಯಾಮಿ ಮಾರ್ಲಿನ್ಸ್‌ನಲ್ಲಿ ಸುಮಾರು 4% ಪಾಲನ್ನೂ ಸಿಇಒ ಹುದ್ದೆಯನ್ನೂ ಒಟ್ಟಿಗೆ ಹಿಡಿದರು. ದೊಡ್ಡ ಪಾಲಿನ ಬ್ರೂಸ್ ಶೆರ್ಮನ್ ಜೊತೆ ದಾರಿ ಬೇರೆಯಾದಾಗ, 2022ರ ಫೆಬ್ರವರಿಯಲ್ಲಿ, ಎರಡನ್ನೂ ಬಿಟ್ಟು ಹೊರಬಂದರು. ಓಕ್ಲೆಂಡ್‌ನಲ್ಲಿ ಬೀನ್ ಬೇರೆ ದಾರಿ ಹಿಡಿದರು. ಪಾಲು ಇಟ್ಟುಕೊಂಡು 2022ರ ಕೊನೆಯಲ್ಲಿ ಮಾಲೀಕ ಜಾನ್ ಫಿಶರ್‌ಗೆ ಸಲಹೆಗಾರರಾದರು, ದಿನದ ಕೆಲಸ ಡೇವಿಡ್ ಫಾರ್ಸ್ಟ್‌ಗೆ ಬಿಟ್ಟರು. ಎಪ್‌ಸ್ಟೀನ್ ಆರಿಸಿಕೊಂಡದ್ದು ಬೀನ್ ಮಾದರಿಯನ್ನು.

ಗ್ರೂಪಿನ ಮಟ್ಟದಲ್ಲಿ ನೋಡಿದರೆ ಅದೇ ವಸಂತದಲ್ಲಿ ಇನ್ನೊಬ್ಬರೂ ಮರಳಿದರು. 2022ರಲ್ಲಿ ಲಿವರ್‌ಪೂಲ್ ಬಿಟ್ಟಿದ್ದ ಮೈಕಲ್ ಎಡ್ವರ್ಡ್ಸ್ 2024ರ ಮಾರ್ಚ್‌ನಲ್ಲಿ ಗ್ರೂಪಿನ ಫುಟ್‌ಬಾಲ್ ಸಿಇಒ ಆದರು. ಇಬ್ಬರ ಹುದ್ದೆಗಳ ವ್ಯತ್ಯಾಸ ಗಮನಿಸಬೇಕು. ಎಡ್ವರ್ಡ್ಸ್‌ಗೆ ಸಿಕ್ಕಿದ್ದು ಸಹಿ ಹಾಕುವ ಹುದ್ದೆ: ಬೋರ್ನ್‌ಮತ್‌ನಿಂದ ಸ್ಪೋರ್ಟಿಂಗ್ ಡೈರೆಕ್ಟರ್ ಆಗಿ ರಿಚರ್ಡ್ ಹ್ಯೂಸ್ ಬಂದರು, ಫೆಯನೂರ್ಡ್‌ನಿಂದ ಕೋಚ್ ಆರ್ನೆ ಸ್ಲಾಟ್ ಬಂದರು, ಮರು ಋತುವಿನಲ್ಲೇ ಪ್ರೀಮಿಯರ್ ಲೀಗ್ ಪ್ರಶಸ್ತಿ ಬಂತು. ಅದರ ಶ್ರೇಯ ಎಪ್‌ಸ್ಟೀನ್ ಖಾತೆಗೆ ಹಾಕುವವರೂ ಇದ್ದಾರೆ, ಅದು ಅತಿಯಾಯಿತು.

ಬೇಸ್‌ಬಾಲ್ ಕಡೆ ಪರೀಕ್ಷೆ ಬಂದದ್ದು 2025ರಲ್ಲಿ. ಮೂರನೇ ಬೇಸ್ ಆಟಗಾರ ಅಲೆಕ್ಸ್ ಬ್ರೆಗ್ಮನ್ ಬಂದಾಗ ರಫೇಲ್ ಡೆವರ್ಸ್ ಮೂರನೇ ಬೇಸ್ ಬಿಟ್ಟು ಬರೀ ಬ್ಯಾಟಿಂಗ್‌ಗೆ ಸರಿಯಬೇಕಾಯಿತು. ಮೇ ತಿಂಗಳಲ್ಲಿ ಮೊದಲ ಬೇಸ್‌ನ ಟ್ರಿಸ್ಟನ್ ಕಸಾಸ್ ಮೊಣಕಾಲು ಹೋದಾಗ ತಂಡದವರು ಡೆವರ್ಸ್‌ಗೆ ಅಲ್ಲಿ ನಿಲ್ಲು ಎಂದರು. ಡೆವರ್ಸ್ ಬಹಿರಂಗವಾಗಿಯೇ ಒಲ್ಲೆ ಎಂದರು. ಕ್ಯಾನ್ಸಸ್ ಸಿಟಿಗೆ ವಿಮಾನ ಹತ್ತಿ ಆಟಗಾರನ ಎದುರು ಕೂತವರು ಹೆನ್ರಿ, ಜೊತೆಗೆ ಕೆನಡಿ ಮತ್ತು ಬ್ರೆಸ್ಲೋ. ಜೂನ್ 15ರಂದು, ಉಳಿದ 25 ಕೋಟಿಗೂ ಹೆಚ್ಚು ಡಾಲರ್‌ನ ಗುತ್ತಿಗೆ ಸಮೇತ ಡೆವರ್ಸ್ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ ಹೋದರು, ಬದಲಿಗೆ ಜೋರ್ಡನ್ ಹಿಕ್ಸ್, ಕೈಲ್ ಹ್ಯಾರಿಸನ್ ಮತ್ತು ಇನ್ನಿಬ್ಬರು ಎಳೆಯರು ಬಂದರು. ಮರುದಿನ ಪತ್ರಕರ್ತರ ಪ್ರಶ್ನೆಗಳಿಗೆ ಉತ್ತರಿಸಿದವರು ಬ್ರೆಸ್ಲೋ ಮತ್ತು ಕೆನಡಿ.