ಲೆಕ್ಕ ಸರಿ, ಬರೆಯುವವರು ಸರಿಯಿಲ್ಲ

ಚರ್ಚಿನಲ್ಲಿ ಯಾರಾದರೂ ನಾಲ್ಕು ಜನರಿಗೆ ಕೇಳುವ ಹಾಗೆ ‘ನಾನು ಅವರನ್ನು ಕ್ಷಮಿಸಿಬಿಟ್ಟೆ’ ಎಂದರೆ ನನಗೆ ಸಣ್ಣ ಅನುಮಾನ ಬರುತ್ತದೆ. ಟೀಕೆಗೆ ಕಿವಿಗೊಡದೆ ತಪ್ಪಿಸಿಕೊಳ್ಳಲು ನಮ್ಮಲ್ಲಿರುವ ಅತ್ಯಂತ ಮರ್ಯಾದೆಯ ದಾರಿ ಅದು. ಕ್ಷಮಿಸಿದ ಕೂಡಲೇ ಎದುರಿನವರು ಅಪರಾಧಿಗಳಾಗುತ್ತಾರೆ, ನಾವು ದೊಡ್ಡವರಾಗುತ್ತೇವೆ. ಅವರು ಹೇಳಿದ್ದಾದರೂ ಏನು ಎಂದು ಆಮೇಲೆ ಯಾರೂ ಕೇಳುವುದಿಲ್ಲ. ವಾರ್ಷಿಕ ಮಹಾಸಭೆ ಮುಗಿದ ಆ ಭಾನುವಾರ ಸಂಜೆ ಈ ದಾರಿ ನನ್ನ ಮುಂದೆಯೂ ತೆರೆದೇ ಇತ್ತು.

ನಮ್ಮದು ಕರಾವಳಿಯ ಒಂದು ಪ್ರಾಟೆಸ್ಟಂಟ್ ಕ್ರೈಸ್ತ ಸಭೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನ ಕಾಲದ ಬೇರು ಹಿಡಿದುಕೊಂಡಿರುವ ಮನೆಗಳೇ ಹೆಚ್ಚು. ಆ ಮಿಷನರಿಗಳು ನಮಗೆ ಕೀರ್ತನೆ ಹಾಡುವುದನ್ನೂ ಹಂಚು ಸುಡುವುದನ್ನೂ ಕಲಿಸಿದರು ಎಂದು ಎಲ್ಲರೂ ಹೇಳುತ್ತಾರೆ. ಪೈಸೆ ಪೈಸೆಗೂ ಲೆಕ್ಕ ಬರೆದಿಡುವ ಚಟವನ್ನೂ ಅವರೇ ಹತ್ತಿಸಿರಬೇಕು ಎಂಬುದು ನನ್ನ ಗುಮಾನಿ. ನಾನು ಚರ್ಚಿನ ಆಡಳಿತ ನೋಡಿಕೊಳ್ಳುವ ಸಭಾಪರಿಪಾಲನಾ ಸಮಿತಿಯ ಖಜಾಂಚಿ. ಸಂಬಳವಿಲ್ಲದ, ಸುಖವಿಲ್ಲದ, ಬೇರೆ ಯಾರೂ ಕೇಳದ ಹುದ್ದೆ.

ಖಜಾಂಚಿಗೆ ನಿಜವಾದ ತಲೆನೋವು ಬೆಳೆ ಹಬ್ಬದ ಹರಾಜು. ಜನ ತಂದೊಪ್ಪಿಸಿದ ಕುಂಬಳಕಾಯಿ, ಬಾಳೆಗೊನೆ, ಬಸಳೆ ಕಟ್ಟು, ಊರ ಕೋಳಿ ಎಲ್ಲವನ್ನೂ ಆರಾಧನೆಯ ನಂತರ ಅಂಗಳದಲ್ಲಿ ಕೂಗುತ್ತಾರೆ. ಅಂಗಡಿಯಲ್ಲಿ ಐವತ್ತು ರೂಪಾಯಿಗೆ ಸಿಗುವ ಕಾಯಿ ಅಲ್ಲಿ ಐನೂರಕ್ಕೆ ಏರುತ್ತದೆ. ದೇವರ ಕೆಲಸಕ್ಕೆ ತಾನೇ ಎಂಬ ಹುಮ್ಮಸ್ಸು ಒಂದು ಕಡೆ, ಪಕ್ಕದ ಮನೆಯವರಿಗೆ ಬಿಟ್ಟುಕೊಡಬಾರದೆಂಬ ಛಲ ಇನ್ನೊಂದು ಕಡೆ. ಕೈಯಲ್ಲಿ ಅಷ್ಟು ದುಡ್ಡಿಲ್ಲದವರು ‘ಬರೆದುಕೊಳ್ಳಿ’ ಅನ್ನುತ್ತಾರೆ. ಬರೆದುಕೊಂಡದ್ದನ್ನು ಆಮೇಲೆ ವಸೂಲು ಮಾಡಬೇಕಾದವನು ನಾನು.

ಮಹಾಸಭೆಯಲ್ಲಿ ಆಯವ್ಯಯ ಓದಿ ಮುಗಿಸಿದೆ. ಲೆಕ್ಕ ತಪಾಸಣೆ ಮಾಡಿದವರು ತಲೆಯಾಡಿಸಿದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ನಿವೃತ್ತ ಮಾಸ್ಟ್ರೊಬ್ಬರು ಎದ್ದು ನಿಂತರು. ನನಗೆ ಸಂಡೆ ಸ್ಕೂಲಿನಲ್ಲಿ ಬೈಬಲ್ ವಚನ ಬಾಯಿಪಾಠ ಮಾಡಿಸಿದವರು.

“ಲೆಕ್ಕ ಸರಿ ಇದೆ. ಲೆಕ್ಕ ಬರೆಯುವವರ ಮನಸ್ಸು ಸರಿ ಇಲ್ಲ. ಬಡವರನ್ನು ಅವರು ಸಾಲಗಾರರ ಹಾಗೆ ನೋಡ್ತಾರೆ.”

ನಮ್ಮಲ್ಲಿ ಆರಾಧನೆ ಕನ್ನಡದಲ್ಲಿ, ಜಗಳ ತುಳುವಿನಲ್ಲಿ. ತುಳುವಿನಲ್ಲಿ ಆಡಿದ ಮಾತು ಎಷ್ಟೇ ಖಾರವಾಗಿದ್ದರೂ ಚಹಾದ ಹೊತ್ತಿಗೆ ಇಳಿದುಹೋಗುತ್ತದೆ. ಮಾಸ್ಟ್ರು ಕನ್ನಡದಲ್ಲಿ ಹೇಳಿದರು. ಅಂದರೆ ನಡಾವಳಿ ಪುಸ್ತಕಕ್ಕೆ ಹೋಗಲಿ ಎಂದೇ ಹೇಳಿದರು. ಕಾರ್ಯದರ್ಶಿಯ ಪೆನ್ನು ನಿಂತಿತು. ಸಭಾಪಾಲಕರು “ಮುಂದಿನ ವಿಷಯಕ್ಕೆ ಹೋಗುವ” ಎಂದರು. ಮುಂದಿನ ವಿಷಯ ಸಮಾಧಿ ಸ್ಥಳದ ಬೇಲಿಯದ್ದು. ಬೇಲಿಯ ಬಗ್ಗೆ ಜನ ಅಷ್ಟು ಉತ್ಸಾಹದಿಂದ ಮಾತಾಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಮನೆಗೆ ಬಂದ ಮೇಲೆ ಫೋನುಗಳು ಶುರುವಾದವು. ಎಲ್ಲವೂ ನನ್ನ ಪರವೇ. “ಅವರ ಮಗನ ಮದುವೆಗೆ ಹಾಲ್ ಬಾಡಿಗೆ ಎಷ್ಟು ಕಟ್ಟಿದ್ದರು, ಹಳೆಯ ಪುಸ್ತಕ ತೆಗಿ ಮಾರಾಯ” ಎಂದ ಒಬ್ಬ ಗೆಳೆಯ. ಆಗ ನೆನಪಾದವನು ಬೈಬಲಿನ ಅಬೀಷೈ, ಅರಸ ದಾವೀದನ ಸೇನಾನಿ. ದಾವೀದ ತನ್ನ ಮಗ ಅಬ್ಷಾಲೋಮನಿಗೆ ಹೆದರಿ ಯೆರೂಸಲೇಮ್ ಬಿಟ್ಟು ಓಡುತ್ತಿದ್ದಾಗ, ಬಹುರೀಮಿನ ಹತ್ತಿರ ಹಿಂದಿನ ಅರಸ ಸೌಲನ ಕುಲದ ಶಿಮ್ಮೀ ಎಂಬವನು ಕಲ್ಲು ಬೀರುತ್ತ, ಮಣ್ಣು ತೂರುತ್ತ, ಕೊಲೆಗಡುಕ ಎಂದು ಬೈಯುತ್ತಾನೆ. ಈ ಸತ್ತ ನಾಯಿಯ ತಲೆ ಹಾರಿಸಿ ಬರುತ್ತೇನೆ ಎಂದು ಎದ್ದವನೇ ಅಬೀಷೈ. ದಾವೀದ ತಡೆದ. ಬೈಯಲಿ ಬಿಡು, ಯೆಹೋವನೇ ಹಾಗೆ ಹೇಳಿಸಿರಬಹುದು ಎಂದ. ನಮ್ಮ ಚರ್ಚಿನ ಪ್ರಸಂಗಗಳಲ್ಲಿ ಈ ಕಥೆ ಇಲ್ಲಿಗೇ ಮುಗಿಯುತ್ತದೆ. ಟೀಕೆ ಬಂದಾಗ ದಾವೀದನ ಹಾಗೆ ಸುಮ್ಮನಿರಿ, ಆಮೆನ್.

ಆದರೆ ಬೈಬಲಿನಲ್ಲಿ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮೊದಲನೆಯ ಅರಸುಗಳ ಎರಡನೆಯ ಅಧ್ಯಾಯದಲ್ಲಿ ದಾವೀದ ಮರಣಶಯ್ಯೆಯಲ್ಲಿದ್ದಾನೆ. ಶಿಮ್ಮೀ ಬಹುರೀಮಿನಲ್ಲಿ ಶಪಿಸಿದ್ದನ್ನು ಮಗ ಸೊಲೊಮೋನನಿಗೆ ನೆನಪಿಸುತ್ತಾನೆ. ಕೊಲ್ಲುವುದಿಲ್ಲವೆಂದು ನಾನು ಆಣೆಯಿಟ್ಟಿದ್ದೆ, ನೀನು ಮಾತ್ರ ಅವನ ನರೆತಲೆಯನ್ನು ರಕ್ತದೊಡನೆ ಪಾತಾಳಕ್ಕೆ ಇಳಿಸು ಎನ್ನುತ್ತಾನೆ. ಇಷ್ಟು ವರ್ಷ ಒಂದು ಬೈಗುಳವನ್ನು ಒಳಗೆ ಇಟ್ಟುಕೊಂಡಿದ್ದನಲ್ಲ! ಈ ಭಾಗವನ್ನು ರಾಜನೀತಿ ಎಂದು ವಿವರಿಸುವವರಿದ್ದಾರೆ, ಇರಬಹುದು. ನನಗೆ ಕಾಣುವುದು ಬೇರೆ. ಅವತ್ತು ದಾವೀದ ಬೈಗುಳವನ್ನು ನುಂಗಿದ, ಜೀರ್ಣಿಸಿಕೊಳ್ಳಲಿಲ್ಲ.

ರಾತ್ರಿ ಪ್ರಾರ್ಥನೆಗೆ ಕೂತೆ. ‘ಕರ್ತನೇ, ಅವರ ಕಣ್ಣು ತೆರೆ’ ಎಂದು ಬಾಯಿಗೆ ಬಂತು. ಪಕ್ಕದಲ್ಲಿದ್ದ ಹೆಂಡತಿ ಕಣ್ಣು ಮುಚ್ಚಿಕೊಂಡೇ, “ಅದು ಪ್ರಾರ್ಥನೆಯಾ, ದೂರು ಅರ್ಜಿಯಾ?” ಎಂದಳು. ಸರಿಯಾಗಿಯೇ ಹಿಡಿದಿದ್ದಳು.

ಮುಂದಿನ ಭಾನುವಾರ ಕರ್ತನ ಭೋಜನ, ಅಂದರೆ ಸಭೆಯವರೆಲ್ಲ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಎಂಬ ಮತ್ತಾಯ 5ರ ಮಾತು ನಮಗೆಲ್ಲ ಬಾಯಿಪಾಠ. ಆದರೆ ಅಲ್ಲಿ ಯೇಸು ಯಾರನ್ನು ಕಳಿಸುತ್ತಾನೆ, ನೋಡಿ. ಸಹೋದರನ ಮೇಲೆ ನಿನಗೆ ಏನಾದರೂ ಇದ್ದರೆ ಎನ್ನುವುದಿಲ್ಲ, ಅವನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಎನ್ನುತ್ತಾನೆ. ಅವನ ದೂರು ನ್ಯಾಯವೋ ಅಲ್ಲವೋ ಎಂದು ಮೊದಲು ತೂಗಿ ನೋಡು ಎಂದೂ ಹೇಳುವುದಿಲ್ಲ. ಇನ್ನು 18ನೆಯ ಅಧ್ಯಾಯದಲ್ಲಿ ತಪ್ಪಿಗೆ ಗುರಿಯಾದವನೇ ಹೋಗಿ, ಇಬ್ಬರೇ ಇರುವಾಗ ತಿಳಿಸಬೇಕು. ಇಬ್ಬರೂ ಹೇಳಿದಂತೆ ಕೇಳಿದರೆ ನಡುದಾರಿಯಲ್ಲೇ ಮುಖಾಮುಖಿ ಆಗಬೇಕು. ಮಾಸ್ಟ್ರು ಇಬ್ಬರೇ ಇರುವಾಗ ಹೇಳಲಿಲ್ಲ, ಅದು ನಿಜ. ಅದನ್ನು ನೆಪ ಮಾಡಿಕೊಂಡರೆ ನಾನು ಮನೆಯಲ್ಲೇ ಕೂರಬಹುದಿತ್ತು.

ಹೋಗುವುದೇನೋ ಸರಿ, ಹೋಗಿ ಹೇಳುವುದೇನು? ‘ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ’ ಎಂಬುದು ಸುಲಭದ ಮಾತು, ಆದರೆ ಅದರಲ್ಲಿ ಏನೂ ಇಲ್ಲ. ಯೋಹಾನನ ಸುವಾರ್ತೆಯ 18ನೆಯ ಅಧ್ಯಾಯ ನನಗೆ ದಾರಿ ತೋರಿಸಿತು. ಮಹಾಯಾಜಕನ ವಿಚಾರಣೆಯಲ್ಲಿ ಒಬ್ಬ ಕಾವಲುಗಾರ ಯೇಸುವಿನ ಕೆನ್ನೆಗೆ ಹೊಡೆಯುತ್ತಾನೆ. ಇನ್ನೊಂದು ಕೆನ್ನೆ ತೋರಿಸು ಎಂದು ಕಲಿಸಿದವನು ಅಲ್ಲಿ ಇನ್ನೊಂದು ಕೆನ್ನೆ ತೋರಿಸಲಿಲ್ಲ, ತಿರುಗಿ ಹೊಡೆಯಲೂ ಇಲ್ಲ. ನಾನು ಆಡಿದ್ದು ತಪ್ಪಾದರೆ ಏನು ತಪ್ಪೆಂದು ಹೇಳು, ಸರಿಯಾದರೆ ಯಾಕೆ ಹೊಡೆದೆ ಎಂದು ಕೇಳಿದ. ಕೆನ್ನೆಯ ವಚನವನ್ನು ನಮ್ಮಲ್ಲಿ ಜೋರಾಗಿ ಹೇಳುವವರು ಹೆಚ್ಚಾಗಿ ಪೆಟ್ಟು ತಿಂದವರಲ್ಲ. ಕೆಲಸದಾಳಿಗೆ, ಸೊಸೆಗೆ, ಪ್ರಶ್ನೆ ಕೇಳುವ ಯುವಕರಿಗೆ ಅದನ್ನು ಓದಿ ಹೇಳುತ್ತಾರೆ. ಈ ಪ್ರಶ್ನೆಯನ್ನು ಮಾತ್ರ ಯಾರೂ ಓದಿ ಹೇಳುವುದಿಲ್ಲ.

ನಾನು ಹೋದಾಗ ಮಾಸ್ಟ್ರು ಮನೆಯ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಕೂರಲು ಹೇಳಿದರು. ನೀರು ಬೆಲ್ಲ ಬಂತು.

“ಮಾಸ್ಟ್ರೇ, ನಾನು ಯಾರನ್ನು ಸಾಲಗಾರರ ಹಾಗೆ ನೋಡಿದೆ? ಹೆಸರು ಹೇಳಿ.”

ಅವರು ತಡಮಾಡಲಿಲ್ಲ. ಒಬ್ಬ ವಿಧವೆಯ ಹೆಸರು ಹೇಳಿದರು. ಹರಾಜಿನಲ್ಲಿ ಆಕೆ ಒಂದು ಕುಂಬಳಕಾಯಿ ಕೂಗಿದ್ದರು. ದುಡ್ಡು ಬಾಕಿ ಇತ್ತು. ಆರಾಧನೆ ಮುಗಿದು ಬಾಗಿಲಲ್ಲಿ ಎಲ್ಲರೂ ಕೈಕುಲುಕುವ ಹೊತ್ತಿಗೆ ನಾನು ಆಕೆಯನ್ನು ಕೇಳಿದ್ದೆ.

“ನಾನು ಮೆಲ್ಲಗೆ ಕೇಳಿದ್ದೆ. ಪಕ್ಕದವರಿಗೂ ಕೇಳಿಸಿರಲಿಕ್ಕಿಲ್ಲ” ಎಂದೆ.

“ಮೆಲ್ಲಗೇ ಕೇಳಿದ್ದಿರಿ. ನಿಮ್ಮ ಕಂಕುಳಲ್ಲಿ ಆ ಕೆಂಪು ಪುಸ್ತಕ ಇತ್ತಲ್ಲ? ಆ ಪುಸ್ತಕ ಹಿಡಿದು ನೀವು ಯಾರ ಹತ್ತಿರ ನಿಂತರೂ ಅಂಗಳದವರಿಗೆಲ್ಲ ಗೊತ್ತಾಗ್ತದೆ. ಆಕೆ ಆಮೇಲೆ ಎರಡು ಭಾನುವಾರ ಚರ್ಚಿಗೆ ಬರಲಿಲ್ಲ, ಗೊತ್ತುಂಟಾ?”

ಗೊತ್ತಿರಲಿಲ್ಲ. ಹೇಳದಿದ್ದರೆ ಗೊತ್ತಾಗುತ್ತಲೂ ಇರಲಿಲ್ಲ. ನೀತಿವಂತನು ನನ್ನನ್ನು ಹೊಡೆದರೆ ಅದು ತಲೆಗೆ ಎಣ್ಣೆ ಎಂದು ಬೈಬಲಿನ 141ನೆಯ ಕೀರ್ತನೆಯಲ್ಲಿದೆ. ಎಣ್ಣೆ ಕಣ್ಣಿಗೂ ಇಳಿದು ಉರಿಯುತ್ತದೆ ಎಂದು ಕೀರ್ತನೆಗಾರ ಬರೆದಿಲ್ಲ.

ಇಷ್ಟಕ್ಕೆ ಎದ್ದು ಬಂದಿದ್ದರೆ ಚರ್ಚಿನಲ್ಲಿ ಚಂದದ ಸಾಕ್ಷಿ ಹೇಳಬಹುದಿತ್ತು. ಆದರೆ ಇನ್ನೊಂದು ಮಾತು ಉಳಿದಿತ್ತು. “ಪುಸ್ತಕದ ಮಾತು ಒಪ್ಪಿದೆ. ಮನಸ್ಸು ಸರಿಯಿಲ್ಲ ಅಂದಿರಿ. ಅದನ್ನು ನಾನು ಒಪ್ಪುವುದಿಲ್ಲ. ಪುಸ್ತಕ ಎಲ್ಲರಿಗೂ ಕಾಣ್ತದೆ, ಮನಸ್ಸು ನಿಮಗೆ ಹೇಗೆ ಕಂಡಿತು?” ಎಂದೆ. ಅಪೊಸ್ತಲ ಪೌಲನೂ ಕೊರಿಂಥದ ಸಭೆಯವರಿಗೆ ಹೀಗೆಯೇ ಬರೆಯುತ್ತಾನೆ: ನೀವು ನನ್ನನ್ನು ವಿಚಾರಿಸುವುದು ನನಗೆ ದೊಡ್ಡದಲ್ಲ, ನಾನೇ ನನ್ನನ್ನು ವಿಚಾರಿಸಿಕೊಳ್ಳುವುದಿಲ್ಲ, ಹೃದಯದ ಆಲೋಚನೆಗಳನ್ನು ಬಯಲಿಗೆ ತರುವವನು ಕರ್ತನು. ಅದೇ ಪೌಲ ಅಂತಿಯೋಕ್ಯದಲ್ಲಿ ಪೇತ್ರನನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡವನು. ಆದರೆ ಅವತ್ತು ಅವನು ಆಡಿದ ಮಾತು ಯೆಹೂದ್ಯರಲ್ಲದವರ ಊಟದ ಪಂಕ್ತಿಯಿಂದ ಪೇತ್ರ ಎದ್ದುಹೋದದ್ದರ ಮೇಲೆ, ಎಲ್ಲರೂ ಕಂಡದ್ದರ ಮೇಲೆ.

ಮಾಸ್ಟ್ರು ಅಡಿಕೆ ಸುಲಿಯುತ್ತಲೇ ಇದ್ದರು. “ನನಗೆ ಹಾಗೆ ಕಂಡಿತು, ಹೇಳಿದೆ” ಎಂದರು. ಹಿಂತೆಗೆದುಕೊಳ್ಳಲಿಲ್ಲ. ಹಿಂತೆಗೆದುಕೊಳ್ಳಿ ಎಂದು ನಾನೂ ಒತ್ತಾಯಿಸಲಿಲ್ಲ. ಹೊರಡುವಾಗ ಒಟ್ಟಿಗೆ ಪ್ರಾರ್ಥನೆ ಮಾಡಿದೆವು. ಅವರ ಪ್ರಾರ್ಥನೆ ನನ್ನದಕ್ಕಿಂತ ಉದ್ದವಿತ್ತು, ಅದರಲ್ಲಿ ನನಗೊಂದು ಸಣ್ಣ ಉಪದೇಶವೂ ಸೇರಿತ್ತು.

ಈಗ ಹರಾಜಿನ ಬಾಕಿಗೆ ಹೆಸರು ಬರೆದ ಲಕೋಟೆ ಮನೆಗೆ ಹೋಗುತ್ತದೆ. ಅನುಕೂಲವಾದಾಗ ಕಾಣಿಕೆ ಪೆಟ್ಟಿಗೆಗೆ ಹಾಕಿದರಾಯಿತು. ವಸೂಲಿ ಮೊದಲಿಗಿಂತ ನಿಧಾನವಾಗಿದೆ, ಅದನ್ನು ಸಮಿತಿಗೆ ಹೇಳಿದ್ದೇನೆ. ಆ ವಿಧವೆಯ ಮನೆಗೆ ಹೆಂಡತಿಯ ಜೊತೆ ಹೋಗಿ ಬಂದೆ. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ.

ನಡಾವಳಿ ಪುಸ್ತಕದ ವಿಷಯ ಮುಂದಿನ ಸಮಿತಿ ಸಭೆಗೆ ಬಂತು. ಮಾಸ್ಟ್ರ ಆ ವಾಕ್ಯವನ್ನು ಕೈಬಿಡೋಣವೇ ಎಂದು ಕಾರ್ಯದರ್ಶಿ ಕೇಳಿದರು. ಕೈಬಿಡಬೇಡಿ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಿರಿ, ಕೆಳಗೆ ‘ಖಜಾಂಚಿಯವರು ಇದನ್ನು ಒಪ್ಪಲಿಲ್ಲ’ ಎಂದೂ ಬರೆಯಿರಿ ಎಂದೆ. ಹಾಗೆಯೇ ಬರೆದರು. ಈ ವರ್ಷದ ಮಹಾಸಭೆಯಲ್ಲಿ ಹಿಂದಿನ ನಡಾವಳಿ ಓದಿದಾಗ ಅದನ್ನು ಅನುಮೋದಿಸಿದವರು ಮಾಸ್ಟ್ರೇ. ಕೂರುವ ಮೊದಲು ಜನರೇಟರಿನ ಡೀಸೆಲ್ ಲೆಕ್ಕ ಕೇಳಿದರು. ಅದಕ್ಕೆ ರಸೀದಿ ಇತ್ತು, ತೋರಿಸಿದೆ.