ಒಂದೇ ಸಾಲಿನ ರಿಪೋರ್ಟು, ಎರಡು ದಾರಿ

ಅಣ್ಣನ ಹೆಂಡತಿ, ನಮ್ಮ ವೈನಿಯನ್ನು ಕರೆದುಕೊಂಡು ಹಾವೇರಿಯಿಂದ ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಡುವ ಮೊದಲೇ ನಮ್ಮ ದೊಡ್ಡವ್ವ ತೀರ್ಮಾನ ಹೇಳಿಬಿಟ್ಟಿದ್ದಳು: "ಎರಡ ಮಕ್ಕಳಾಗ್ಯಾವು, ಇನ್ಯಾಕ ಬೇಕ? ಗರ್ಭಚೀಲ ತಗಸಿಕೊಂಡ ಬರ್ರಿ." ನಮ್ಮ ಕಡೆ ಬಿಳಿ ಸೆರಗಿಗೂ ಇದೇ ಸಲಹೆ, ಸೊಂಟನೋವಿಗೂ ಇದೇ. ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ವೈನಿಯ ಪ್ಯಾಪ್ ಸ್ಮಿಯರ್‌ನಲ್ಲಿ, ಗರ್ಭಕಂಠದ ಜೀವಕೋಶಗಳಲ್ಲಿ ಸಣ್ಣ ಮಟ್ಟದ ಬದಲಾವಣೆ ಇದೆ ಅಂತ ಬಂದಿತ್ತು. ಆಸ್ಪತ್ರೆಯ ಬೆಂಚಿನಲ್ಲಿ ನಮ್ಮ ಪಕ್ಕ ಕೂತಿದ್ದ ಗದಗಿನ ಅಕ್ಕನ ಕೈಯಲ್ಲೂ ಅದೇ ಸಾಲಿನ ರಿಪೋರ್ಟು. ಗರ್ಭಕಂಠಕ್ಕೆ ಸೋಂಕು ತರುವ ಎಚ್‌ಪಿವಿ ಎಂಬ ವೈರಸ್ಸಿನ ಪರೀಕ್ಷೆಯ ಹಾಳೆ ಮಾತ್ರ ಬೇರೆ. ಆ ವೈರಸ್ಸಿನ ಒಂದೊಂದು ಬಗೆಗೆ ಒಂದೊಂದು ನಂಬರು. ವೈನಿಯದರಲ್ಲಿ ಎಚ್‌ಪಿವಿ 16 ಇತ್ತು. ಅವರದರಲ್ಲಿ 16, 18 ಎರಡೂ ಇರಲಿಲ್ಲ, ಅಪಾಯದ ಗುಂಪಿನ ಬೇರೆ ಯಾವುದೋ ಇತ್ತು. ಇಬ್ಬರೂ ಬಯಾಪ್ಸಿ ಫಲಿತಾಂಶಕ್ಕೆ ಬಂದವರು.

ಹಿಂದಿನ ಸಲ ಕಾಲ್ಪೊಸ್ಕೋಪಿ, ಅಂದರೆ ಗರ್ಭಕಂಠವನ್ನು ದೊಡ್ಡದಾಗಿ ತೋರಿಸಿ ನೋಡುವ ಪರೀಕ್ಷೆ, ಮಾಡುವಾಗ ವೈನಿ ನನ್ನ ಕೈ ಬಿಡದ್ದರಿಂದ ನನ್ನನ್ನೂ ಒಳಗೆ ನಿಲ್ಲಿಸಿಕೊಂಡಿದ್ದರು. ಅಸಿಟಿಕ್ ಆಮ್ಲದಲ್ಲಿ ಅದ್ದಿದ ಹತ್ತಿಯನ್ನು ಒತ್ತಿ ಹಿಡಿದು ತೆಗೆದರು. ಪರದೆ ಮೇಲೆ ನಸುಗೆಂಪಾಗಿದ್ದ ಜಾಗದ ಒಂದು ಅಂಚು ಕಣ್ಣೆದುರೇ ಬೆಳ್ಳಗಾಗುತ್ತ ಬಂತು. ಉಗುರಿನಷ್ಟು ಅಗಲ. ಬಯಾಪ್ಸಿಗೆ ಅಲ್ಲಿಂದಲೇ ಚೂರು ತೆಗೆದಿದ್ದರು.

ಗದಗಿನ ಅಕ್ಕನದು ಸಿಐಎನ್ 1, ಅಂದರೆ ಗರ್ಭಕಂಠದ ಕೋಶಗಳ ಬದಲಾವಣೆಯಲ್ಲಿ ಎಲ್ಲಕ್ಕಿಂತ ಸಣ್ಣ ಮಟ್ಟ. ವರ್ಷ ಬಿಟ್ಟು ಮತ್ತೆ ಪರೀಕ್ಷೆಗೆ ಬರಲು ಹೇಳಿ ಕಳಿಸಿದರು. ವೈನಿಯದು ಸಿಐಎನ್ 2, ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಚಿಕಿತ್ಸೆ ಬೇಕು ಅಂದರು.

"ಅವರಿಗೆ ಮನೀಗೆ ಹೋಗಂದ್ರಿ, ನನಗ್ಯಾಕ ಹಿಂಗ?" ವೈನಿ ಕೇಳಿಯೇಬಿಟ್ಟಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಹೇಳಿದರು. ಎಚ್‌ಪಿವಿಯಲ್ಲಿ 200ಕ್ಕೂ ಹೆಚ್ಚು ಬಗೆ. 6 ಮತ್ತು 11 ನರುಳ್ಳೆ ಎಬ್ಬಿಸುತ್ತವೆ, ಗರ್ಭಕಂಠದ ಕ್ಯಾನ್ಸರ್‌ವರೆಗೆ ಒಯ್ಯುವುದಿಲ್ಲ. ಒಯ್ಯಬಲ್ಲವು ಸುಮಾರು 14. ಈ ಕ್ಯಾನ್ಸರ್‌ಗಳಲ್ಲಿ ಶೇ. 70ರಷ್ಟಕ್ಕೆ 16 ಮತ್ತು 18 ಇವೆರಡೇ ಕಾರಣ. ಯಾವ ಬಗೆ ಬಂದರೂ ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ದೇಹವೇ ಅದನ್ನು ಹೊರಹಾಕುತ್ತದೆ, ಕೆಟ್ಟ ಕೋಶಗಳೂ ತಾವಾಗಿ ಸರಿಹೋಗುತ್ತವೆ. 16 ಹಠಮಾರಿ, ಉಳಿದವಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ. ಅದು ತಯಾರಿಸುವ ಇ6, ಇ7 ಎಂಬ ಪ್ರೋಟೀನುಗಳು ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಪ್ರೋಟೀನುಗಳನ್ನೇ ಕೆಡಿಸುತ್ತವೆ. ಸಿಐಎನ್ 2 ಎಷ್ಟೋ ಜನರಲ್ಲಿ ಹಿಂದೆ ಸರಿಯುತ್ತದೆ, ಆದರೆ 16 ಇದ್ದಲ್ಲಿ ಅದನ್ನು ನಂಬಿ ಕೂರುವುದು ಕಷ್ಟ. ಹಾಗಂತ ಇದು ಕ್ಯಾನ್ಸರ್ ಅಲ್ಲ. ಸೋಂಕಿನಿಂದ ಅಲ್ಲಿಗೆ ತಲುಪಲು ಸಾಮಾನ್ಯವಾಗಿ 15–20 ವರ್ಷ ಬೇಕು.

"ಗರ್ಭಚೀಲ ತಗೀತೀರೇನ್ರಿ?"

"ಅದರ ಅವಶ್ಯಕತೆ ಇಲ್ರಿ. ತಂತಿ ಕುಣಿಕೆಯಿಂದ ಆ ಭಾಗ ಅಷ್ಟ ತಗೀತೀವಿ. ಅವತ್ತ ಮನೀಗೆ ಹೋಗಬಹುದು. ಆಮ್ಯಾಲೆ ಆರು ತಿಂಗಳಿಗೆ ವೈರಸ್ ಪರೀಕ್ಷೆ."

ವೈನಿಗೆ ಇನ್ನೊಂದು ಕೇಳುವುದಿತ್ತು. ನನ್ನ ಮುಖ ನೋಡಿದಳು, ನೆಲ ನೋಡಿದಳು. ಲೈಂಗಿಕ ಸಂಪರ್ಕದಿಂದ ಬರುವ ವೈರಸ್ ಅಂತ ಗೊತ್ತಾದಾಗಿನಿಂದ ಅವಳಿಗೆ ನಿದ್ದೆಯಿರಲಿಲ್ಲ. ಕೊನೆಗೆ ನಾನೇ ಕೇಳಿದೆ.

"ಯಾರಿಂದ ಬಂತು, ಯಾವಾಗ ಬಂತು ಅನ್ನೋದನ್ನ ಯಾವ ಪರೀಕ್ಷೆನೂ ಹೇಳಂಗಿಲ್ಲ. ವರ್ಷಗಟ್ಟಲೆ ಸುಮ್ಮನ ಇದ್ದು ಈಗ ಕಾಣಿಸಿಕೊಂಡಿರಬಹುದು. ಬಾಳೇವು ಮಾಡೋ ಬಹಳಷ್ಟು ಮಂದಿಗೆ ಒಂದಿಲ್ಲೊಂದ ಸಲ ಬಂದ ಹೋಗಿರತೈತಿ. ಮನ್ಯಾಗ ಇದರ ಸಲುವಾಗಿ ಜಗಳ ತಗೀಬ್ಯಾಡ್ರಿ."

ಈ ಮಾತನ್ನು ಪ್ರತಿ ರಿಪೋರ್ಟಿನ ಜೊತೆ ಅಚ್ಚು ಹಾಕಿಸಿ ಕೊಡಬೇಕು ಅನಿಸಿತು ನನಗೆ. ಸುದ್ದಿ ಹೊರಬಿದ್ದರೆ ಹೆಂಗಸಿನ ನಡತೆಯ ಮಾತು ಏಳುತ್ತದೆಂಬ ಹೆದರಿಕೆಗೇ ಎಷ್ಟು ಜನ ಚಿಕಿತ್ಸೆ ಮುಂದೂಡುತ್ತಾರೋ.

ಏಳುವ ಮುಂಚೆ ವೈನಿ ಮಗಳ ಲಸಿಕೆಯ ವಿಷಯ ತೆಗೆದಳು. ಹುಡುಗಿಗೆ 13. ನಮ್ಮ ದೇಶದಲ್ಲೇ ತಯಾರಾಗುವ ಸರ್ವಾವ್ಯಾಕ್ 6, 11, 16, 18ಕ್ಕೆ ತಡೆ ಒಡ್ಡುತ್ತದೆ, 15 ತುಂಬುವ ಮೊದಲು ಎರಡು ಡೋಸ್ ಅಂದರು. ಈಗಾಗಲೇ ವೈನಿಯಲ್ಲಿರುವ ಸೋಂಕನ್ನು ಅದು ಓಡಿಸುವುದಿಲ್ಲ ಅಂತಲೂ ಬಿಡಿಸಿ ಹೇಳಿದರು.

ಹೊರಗೆ ಬಂದವಳೇ ಅಣ್ಣನಿಗೆ ಫೋನ್ ಹಚ್ಚಿದಳು. ವೈರಸ್ಸು, 16, ಕುಣಿಕೆ, ಯಾವುದನ್ನೂ ಮುಚ್ಚಲಿಲ್ಲ. ಅತ್ತಲಿಂದ ಅಣ್ಣ ಕೇಳಿದ್ದು ಇಷ್ಟೇ: "ಎಂದ ಬಾ ಅಂದಾರ? ರಜಾ ಹಾಕತೀನಿ."