‘ಯಾವ ಕಾದಂಬರಿ ಓದಲಿ?’ ಎಂದು ಕೇಳುವವರಿಗೆ

ಮಂಡ್ಯದಿಂದ ಮೈಸೂರಿಗೆ ದಿನವೂ ರೈಲಿನಲ್ಲಿ ಓಡಾಡುವ ನನ್ನ ಕೈಯಲ್ಲಿ ಸಾಮಾನ್ಯವಾಗಿ ಒಂದು ಕಾದಂಬರಿ ಇರುತ್ತದೆ. ಹೀಗಾಗಿ ಜೊತೆಯ ಪ್ರಯಾಣಿಕರು, ಕಚೇರಿಯವರು, ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕುಳಿತ ನೆಂಟರು ಕೂಡ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ‘ಒಂದು ಒಳ್ಳೆಯ ಕಾದಂಬರಿ ಹೇಳಿ, ಯಾವುದನ್ನು ಓದಲಿ?’ ಬಹಳ ವರ್ಷ ನಾನು ಇದಕ್ಕೆ ಥಟ್ಟನೆ ಒಂದು ಹೆಸರು ಹೇಳಿಬಿಡುತ್ತಿದ್ದೆ. ಈಗ, ‘ನೀವು ಅರ್ಧಕ್ಕೆ ಬಿಟ್ಟ ಕಾದಂಬರಿ ಯಾವುದು, ಎಲ್ಲಿ ಬಿಟ್ಟಿರಿ?’ ಎಂದು ಮೊದಲು ವಿಚಾರಿಸುತ್ತೇನೆ. ಮೆಚ್ಚಿದ ಪುಸ್ತಕದ ಬಗ್ಗೆ ಮಾತಾಡುವಾಗ ನಾವು ಎಷ್ಟೋ ಸಲ ಬೇರೆಯವರ ಹೊಗಳಿಕೆಯನ್ನೇ ಒಪ್ಪಿಸುತ್ತಿರುತ್ತೇವೆ. ಬಿಟ್ಟ ಪುಸ್ತಕದ ವಿಷಯದಲ್ಲಿ ಮಾತ್ರ ಅನುಭವ ಪೂರ್ತಿ ನಮ್ಮದಾಗಿರುತ್ತದೆ.

ಇದನ್ನು ನನಗೆ ಕಲಿಸಿದವರು ಪಾಂಡವಪುರದಲ್ಲಿ ನಮ್ಮ ಬೋಗಿಗೆ ಹತ್ತುವ ಬ್ಯಾಂಕ್ ಉದ್ಯೋಗಿಯೊಬ್ಬರು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಲೇಬೇಕೆಂದು ಹೇಳಿ ನನ್ನ ಪ್ರತಿಯನ್ನೇ ಅವರಿಗೆ ಕೊಟ್ಟಿದ್ದೆ. 1967ರಲ್ಲಿ ಬಂದ ಆ ಕಾದಂಬರಿ ಗಾತ್ರದಲ್ಲೂ ದೊಡ್ಡದು, ಪಾತ್ರಗಳ ಲೆಕ್ಕದಲ್ಲೂ ದೊಡ್ಡದು. ತಿಂಗಳು ಕಳೆದ ಮೇಲೆ ಪುಸ್ತಕ ಹಿಂದಿರುಗಿದಾಗ ಅದರೊಳಗೆ ಮಡಿಸಿದ ಹಾಳೆಯೊಂದಿತ್ತು. ಹಳೆಮನೆ, ಬೆಟ್ಟಳ್ಳಿ, ಸಿಂಬಾವಿ, ಕೋಣೂರು ಎಂದು ಪೆನ್ಸಿಲ್ಲಿನಲ್ಲಿ ಬರೆದು, ಒಂದೊಂದರ ಕೆಳಗೆ ಅಲ್ಲಿಯ ಗೌಡರು, ಹೆಂಗಸರು, ಆಳುಗಳ ಹೆಸರನ್ನು ಸೇರಿಸಿ, ಯಾರಿಗೆ ಯಾರು ಏನಾಗಬೇಕೆಂದು ಗೆರೆ ಎಳೆದಿದ್ದರು. ಅರವತ್ತನೆಯ ಪುಟದ ಹೊತ್ತಿಗೆ ಗೆರೆಗಳು ಒಂದರ ಮೇಲೊಂದು ಬಿದ್ದು, ಓದು ಅಲ್ಲಿಗೇ ನಿಂತಿತ್ತು. ‘ನನಗೆ ಇಷ್ಟು ಜನರನ್ನು ನೆನಪಿಟ್ಟುಕೊಳ್ಳಲು ಆಗಲಿಲ್ಲ ಸಾರ್’ ಎಂದು ಅವರು ತಪ್ಪು ಮಾಡಿದವರಂತೆ ಹೇಳಿದಾಗ ನನಗೆ ನಿಜವಾಗಿ ನೋವಾಯಿತು, ಏಕೆಂದರೆ ಹೇಗೆ ಒಳಗೆ ಹೋಗಬೇಕೆಂದು ಒಂದು ಮಾತು ಹೇಳದೆ ಪುಸ್ತಕ ಕೊಟ್ಟದ್ದು ನನ್ನ ತಪ್ಪಾಗಿತ್ತು. ಪಟ್ಟಿಯನ್ನು ಪಕ್ಕಕ್ಕಿಟ್ಟು ಗುತ್ತಿ ಮತ್ತು ಅವನ ನಾಯಿ ಹುಲಿಯನ ಹಿಂದೆ ನಡೆಯಿರಿ, ತುಂಬಿದ ಮನೆಗೆ ಹೊಸದಾಗಿ ಬಂದ ಸೊಸೆಗೆ ಮೊದಲ ದಿನವೇ ಎಲ್ಲರ ಹೆಸರು ತಿಳಿದಿರುವುದಿಲ್ಲವಲ್ಲ, ಎಂದೆ. ಅವರು ಪುಸ್ತಕವನ್ನು ಮತ್ತೆ ಒಯ್ದರು. ಸುಮಾರು ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ, ತುಂಗಾ ನದಿ ದಾಟುವ ಭಾಗವನ್ನು ಓದಿ ಮುಗಿಸಿ ಪುಸ್ತಕ ಮುಚ್ಚಿದವರು, ರೈಲು ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಹೋಗುವಾಗ ಕೆಳಗಿನ ಕಾವೇರಿಯನ್ನೇ ನೋಡುತ್ತ ಕುಳಿತುಬಿಟ್ಟರು. ಏನೆಂದು ನಾನು ಕೇಳಲಿಲ್ಲ. ಆ ಪುಟಗಳನ್ನು ಓದಿದವರಿಗೆ ಅದು ಗೊತ್ತು.

ಅಭಿಪ್ರಾಯವನ್ನು ಕೊಡುವುದಕ್ಕಿಂತ ಪಡೆಯುವುದರಲ್ಲಿ ನನಗೆ ಹೆಚ್ಚು ಲಾಭವಾಗಿದೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಚಿಕ್ಕ ಪುಸ್ತಕವಾದರೂ ನಾನು ಅದನ್ನು ಎರಡು ಸಲ ಕೈಬಿಟ್ಟಿದ್ದೆ. ನಂಜನಗೂಡಿನ ಕಡೆಯ ಗೆಳೆಯರೊಬ್ಬರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮೆಲುದನಿಯಲ್ಲಿ ಎರಡು ಪುಟ ಓದಿ, ‘ಇದು ನಮ್ಮವ್ವ ಮಾತಾಡ್ದಂಗೇ ಅದ ಸಾರ್, ಕಣ್ಣಲ್ಲಿ ಓದಬ್ಯಾಡಿ’ ಎಂದರು. ಕಣ್ಣಿಗೆ ತೊಡಕಾಗಿದ್ದ ಪದಗಳು ಕಿವಿಗೆ ಬಿದ್ದೊಡನೆ ತಾವಾಗಿಯೇ ಬಿಡಿಸಿಕೊಂಡವು. ಆ ಒಂದು ಮಾತು ನನಗೆ ಎಷ್ಟೋ ವಿಮರ್ಶೆಗಳಿಗಿಂತ ಹೆಚ್ಚು ಕೆಲಸಕ್ಕೆ ಬಂದಿದೆ. ‘ಚೆನ್ನಾಗಿದೆ’, ‘ತಲೆಗೆ ಹತ್ತಲಿಲ್ಲ’ ಎಂಬ ತೀರ್ಪುಗಳಿಂದ ಮುಂದಿನ ಓದುಗರಿಗೆ ಏನೂ ಸಿಗುವುದಿಲ್ಲ; ಎಲ್ಲಿ ಹಿಡಿಯಿತು, ಎಲ್ಲಿ ಜಾರಿತು, ಹೇಗೆ ಓದಿದಾಗ ತೆರೆದುಕೊಂಡಿತು ಎಂಬುದನ್ನು ಹೇಳಬೇಕು. ಹಾಗೆಯೇ, ಸಿನಿಮಾ ನೋಡಿದ್ದೇನೆಂದು ತ್ರಿವೇಣಿಯವರ ‘ಶರಪಂಜರ’ವನ್ನು ಬದಿಗಿಡುವವರಿಗೆ ಕಾದಂಬರಿಯನ್ನೂ ಓದಿರೆಂದು ಒತ್ತಾಯಿಸುತ್ತೇನೆ, ಅದರ ನಾಯಕಿ ಕಾವೇರಿಯ ಮನಸ್ಸಿನೊಳಗೆ ಅಕ್ಷರ ಹೋಗುವ ಬಗೆಯೇ ಬೇರೆ.

ಕೇಳಿದವರ ಮನೆಯ ಸ್ಥಿತಿಯನ್ನೂ ನೋಡಬೇಕೆಂಬುದು ನನಗೆ ತಡವಾಗಿ ತಿಳಿಯಿತು. ಕಳೆದ ವರ್ಷ ನಮ್ಮ ಕಚೇರಿಯ ಹಿರಿಯರೊಬ್ಬರು, ಮಗನನ್ನು ಕಳೆದುಕೊಂಡು ಎರಡು ತಿಂಗಳೂ ಆಗಿರದ ಹೊತ್ತಿನಲ್ಲಿ, ಎಲ್ಲರೂ ಹೊಗಳುತ್ತಾರೆಂದು ಭೈರಪ್ಪನವರ ‘ಗೃಹಭಂಗ’ವನ್ನು ಕೇಳಿದರು. ಸಾಮಾನ್ಯವಾಗಿ ನಾನು ಯಾರಿಗೂ ಕಥೆ ಬಿಟ್ಟುಕೊಡುವುದಿಲ್ಲ. ಅವರಿಗೆ ಮಾತ್ರ, ‘ಅದರಲ್ಲಿ ಪ್ಲೇಗು ಬರುತ್ತದೆ, ಬೆಳೆದ ಮಕ್ಕಳು ಸಾಯುತ್ತಾರೆ, ಈಗ ಬೇಡ ಸಾರ್’ ಎಂದು ನೇರವಾಗಿ ಹೇಳಿ, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕೊಟ್ಟೆ. 1980ರ ಆ ಕಾದಂಬರಿಯಲ್ಲಿ ಜೇನು ಹಿಡಿಯುವ ಮಂದಣ್ಣನಿದ್ದಾನೆ, ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೊರಡುವ ಜನರಿದ್ದಾರೆ, ಮನಸ್ಸು ಸ್ವಲ್ಪ ಹೊತ್ತು ಹೊರಗೆ ತಿರುಗಾಡಿ ಬರುವಷ್ಟು ಬಯಲಿದೆ. ಅವರು ಅದನ್ನು ನಿಧಾನವಾಗಿ ಓದಿದರು, ಊಟದ ಬಿಡುವಿನಲ್ಲಿ ಮಂದಣ್ಣನ ಬಗ್ಗೆ ಒಂದೆರಡು ಮಾತಾಡಿದರು. ಆರು ತಿಂಗಳ ಮೇಲೆ ಒಂದು ಸಂಜೆ ನನ್ನ ಮೇಜಿನ ಬಳಿ ಬಂದು, ‘ಈಗ ಗೃಹಭಂಗ ಕೊಡಿ’ ಎಂದರು. ಮಾರನೆಯ ದಿನ ತಂದುಕೊಟ್ಟೆ.